ಆಚೆ ಬದಿಗೆ ನಡೆದವರು

ಆಸ್ಟ್ರೇಲಿಯಾದ ರಾಜಧಾನಿ ಕ್ಯಾನ್‌ಬೆರಾದ ಸಂಸತ್ ಭವನ ಅರ್ಧ ಗುಡ್ಡದೊಳಗೆ ಹುದುಗಿದೆ. ಮೇಲೆ ಹುಲ್ಲು, ಅದರ ನೆತ್ತಿಯಲ್ಲಿ 81 ಮೀಟರ್ ಎತ್ತರದ ಧ್ವಜಸ್ತಂಭ. ಒಳಗೆ ಕೆಳಮನೆಗೆ ಹಸಿರು, ಸೆನೆಟ್‌ಗೆ ಕೆಂಪು. ಬಣ್ಣಗಳು ಲಂಡನ್ನಿನಿಂದ ಬಂದವೇ, ಆದರೆ ಇಲ್ಲಿಯ ಹಸಿರಿಗೆ ನೀಲಗಿರಿ ಎಲೆಯ ಮಂಕು, ಕೆಂಪಿಗೆ ಒಳನಾಡಿನ ಮಣ್ಣಿನ ಛಾಯೆ. ಹಜಾರ, ಕೊಠಡಿ, ಓಣಿ ಎಲ್ಲೆಲ್ಲೂ ಗಡಿಯಾರಗಳು. ಮತ ಎಣಿಕೆಗೆ ಕರೆ ಬಿದ್ದರೆ ಕೆಳಮನೆಯವರಿಗಾಗಿ ಅವುಗಳಲ್ಲಿ ಹಸಿರು ದೀಪ ಮಿನುಗುತ್ತದೆ, ನಾಲ್ಕು ನಿಮಿಷ ಗಂಟೆ ಬಾರಿಸುತ್ತದೆ. ಊಟಕ್ಕೆ ಕೂತವರೂ ಫೋನು ಹಿಡಿದವರೂ ದಾಪುಗಾಲು ಹಾಕುತ್ತಾರೆ. ಆಮೇಲೆ ಬಾಗಿಲಿಗೆ ಬೀಗ. ಒಪ್ಪುವವರು ಸ್ಪೀಕರ್ ಬಲಕ್ಕೆ, ಒಪ್ಪದವರು ಎಡಕ್ಕೆ. ಕೂತಲ್ಲೇ ಗುಂಡಿ ಒತ್ತಿ ಮುಗಿಸುವ ಹಾಗಿಲ್ಲ, ಮೈ ಎತ್ತಿಕೊಂಡು ಹೋಗಿ ಆ ಬದಿಯಲ್ಲಿ ಕೂರಬೇಕು. ಪಕ್ಷ ಬಿಟ್ಟು ಎದುರು ಬದಿಗೆ ನಡೆದವರನ್ನು ಇಡೀ ಸದನ ಕಣ್ಣಾರೆ ನೋಡುತ್ತದೆ.

2017ರ ಫೆಬ್ರವರಿ 9ರ ಪ್ರಶ್ನೋತ್ತರ ವೇಳೆ. ದೇಶದ ಪೂರ್ವ ಭಾಗ ಬೇಯುತ್ತಿದ್ದ ವಾರ ಅದು. ಹಿಂದಿನ ಸಂಜೆ ದಕ್ಷಿಣ ಆಸ್ಟ್ರೇಲಿಯಾದಲ್ಲಿ ಸೆಕೆಯ ನಡುವೆ ಸಾವಿರಾರು ಮನೆಗಳ ಕರೆಂಟು ತೆಗೆದಿದ್ದರು. ಗಾಳಿಯಂತ್ರ ನೆಚ್ಚಿಕೊಂಡ ಫಲ ಇದು ಎಂದು ಆಳುವವರು, ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಎದುರಿನವರು. ಉತ್ತರಿಸಲು ಎದ್ದ ಹಣಕಾಸು ಸಚಿವ ಸ್ಕಾಟ್ ಮಾರಿಸನ್ ಅಂಗೈ ತುಂಬುವಂಥ ಕಪ್ಪು ಹೆಂಟೆಯೊಂದನ್ನು ಎತ್ತಿ ತೋರಿಸಿದರು. ಇದು ಕಲ್ಲಿದ್ದಲು, ಹೆದರಬೇಡಿ, ಇದೇನೂ ಮಾಡುವುದಿಲ್ಲ ಎಂದರು. ಆಡಳಿತ ಸಾಲುಗಳಲ್ಲಿ ನಗೆಯೋ ನಗೆ. ಸದನದಲ್ಲಿ ವಸ್ತು ಪ್ರದರ್ಶನ ಮಾಡುವಂತಿಲ್ಲ, ಆ ನಿಯಮ ಸಚಿವರಿಗೆ ಗೊತ್ತಿದೆ ಎಂದು ಸ್ಪೀಕರ್ ಟೋನಿ ಸ್ಮಿತ್ ಎಚ್ಚರಿಸಿದರು. ಹೆಂಟೆ ಅಷ್ಟರಲ್ಲಿ ಪಕ್ಕದವರ ಕೈಗೆ ದಾಟಿತ್ತು. ಉಪಪ್ರಧಾನಿ ಬಾರ್ನಬಿ ಜಾಯ್ಸ್ ಅದನ್ನು ಹಿಡಿದು ಹಿಗ್ಗಿದ ಚಿತ್ರ ಮರುದಿನದ ಪತ್ರಿಕೆಗಳಲ್ಲಿತ್ತು. ಯಾರ ಕೈಯೂ ಕಪ್ಪಾಗಲಿಲ್ಲ. ಹೆಂಟೆಯನ್ನು ಕೊಟ್ಟದ್ದು ಗಣಿ ಉದ್ಯಮಿಗಳ ಸಂಘ, ಮಸಿ ಅಂಟದಂತೆ ಮೇಲೆ ಮೆರುಗೆಣ್ಣೆ ಬಳಿದಿತ್ತು ಎಂದು ಆಮೇಲೆ ವರದಿಯಾಯಿತು.

ಒರಟು ಹಾಸ್ಯ, ನಿಜ. ಆದರೂ ನನಗೆ ಅದರಲ್ಲೊಂದು ಪ್ರಾಮಾಣಿಕತೆ ಕಂಡಿತು. ಹಸಿರುಮನೆ ಅನಿಲ, ಮಿತಿ, ಪರವಾನಗಿ, ಗುರಿ ಎಂದು ವರ್ಷಗಟ್ಟಲೆ ಸುತ್ತಿ ಬಳಸಿ ಮಾತಾಡಿದ್ದ ಸದನಕ್ಕೆ ವ್ಯಾಜ್ಯದ ಅಸಲಿ ಕಕ್ಷಿದಾರ ಖುದ್ದಾಗಿ ಬಂದಂತಿತ್ತು.

ಅಂದು ಆ ಸರ್ಕಾರದ ಪ್ರಧಾನಿ ಯಾರೆಂದು ನೆನೆದರೆ ನಗೆ ಅರ್ಧಕ್ಕೇ ನಿಲ್ಲುತ್ತದೆ. ಮಾಲ್ಕಂ ಟರ್ನ್‌ಬುಲ್. 2009ರಲ್ಲಿ ಅವರು ವಿರೋಧ ಪಕ್ಷದ ನಾಯಕ. ಹವಾಮಾನ ಬದಲಾವಣೆ ನಮ್ಮ ಪೀಳಿಗೆಯ ದೊಡ್ಡ ನೈತಿಕ ಸವಾಲು ಎಂದು ಸಾರಿ ಗೆದ್ದಿದ್ದ ಲೇಬರ್ ಪ್ರಧಾನಿ ಕೆವಿನ್ ರಡ್ ಇಂಗಾಲದ ಪರವಾನಗಿ ವ್ಯಾಪಾರದ ಮಸೂದೆ ತಂದಾಗ ಟರ್ನ್‌ಬುಲ್ ಕೈಜೋಡಿಸಲು ಹೊರಟರು. ಸ್ವಂತ ಲಿಬರಲ್ ಪಕ್ಷ ಕೆರಳಿತು. ಡಿಸೆಂಬರ್ 1ರ ಗುಪ್ತ ಮತದಾನದಲ್ಲಿ ಟೋನಿ ಅಬಟ್‌ಗೆ 42, ಟರ್ನ್‌ಬುಲ್‌ಗೆ 41. ಒಂದೇ ಮತ! ಮರುದಿನವೇ ಸೆನೆಟ್ ಮಸೂದೆಯನ್ನು 41–33ರಿಂದ ಕೆಡವಿತು. ಜೂಡಿತ್ ಟ್ರೋತ್, ಸೂ ಬಾಯ್ಸ್ ಎಂಬ ಇಬ್ಬರು ಲಿಬರಲ್ ಸೆನೆಟರುಗಳು ಎದ್ದು ಸರ್ಕಾರದ ಬದಿಗೆ ನಡೆದರು. ಈ ಮಸೂದೆ ಸಾಲದು ಎಂದು ಗ್ರೀನ್ಸ್ ಪಕ್ಷದವರು ವಿರೋಧಿಗಳ ಜೊತೆ ಕೂತರು. ಆ ಮತದಾನಕ್ಕಾಗಿ ಲೇಬರ್‌ನವರು ಗ್ರೀನ್ಸ್‌ನವರನ್ನು ಇಂದಿಗೂ ಹಂಗಿಸುತ್ತಾರೆ.

ಎರಡು ತಿಂಗಳ ಬಳಿಕ ಮಸೂದೆ ಮತ್ತೆ ಕೆಳಮನೆಗೆ ಬಂತು. ಕುರ್ಚಿ ಕಳೆದುಕೊಂಡು ಹಿಂದಿನ ಸಾಲಿಗೆ ಸರಿದಿದ್ದ ಟರ್ನ್‌ಬುಲ್ ಅದರ ಪರವಾಗಿ ಭಾಷಣ ಮಾಡಿದರು. ಗಂಟೆ ಬಾರಿಸಿದಾಗ ತಮ್ಮವರನ್ನೆಲ್ಲ ಬಿಟ್ಟು ಲೇಬರ್ ಬದಿಗೆ ಹೋಗಿ ಕೂತರು. 2018ರ ಆಗಸ್ಟ್‌ನಲ್ಲಿ ಅವರು ಪ್ರಧಾನಿ ಪಟ್ಟ ಕಳೆದುಕೊಂಡಾಗಲೂ ಕಿಡಿ ಹತ್ತಿದ್ದು ಹೊರಸೂಸುವಿಕೆಯ ಗುರಿಯ ಮೇಲೆಯೇ. ತೆರವಾದ ಕುರ್ಚಿಗೆ ಬಂದವರು ಮಾರಿಸನ್.

ನಡುವಿನ ಕಥೆ ಇಷ್ಟು. ಮಸೂದೆ ಕೈಬಿಟ್ಟ ರಡ್ ಅವರನ್ನು 2010ರ ಜೂನ್‌ನಲ್ಲಿ ಅವರದೇ ಪಕ್ಷ ಇಳಿಸಿತು. ಜೂಲಿಯಾ ಗಿಲಾರ್ಡ್ ಬಂದರು. ಚುನಾವಣೆಯಲ್ಲಿ ಇಂಗಾಲದ ತೆರಿಗೆ ಇಲ್ಲ ಎಂದಿದ್ದವರು ಅತಂತ್ರ ಸದನದಲ್ಲಿ ಗ್ರೀನ್ಸ್ ಮತ್ತು ಪಕ್ಷೇತರರನ್ನು ಒಲಿಸಿಕೊಳ್ಳಲು ಇಂಗಾಲಕ್ಕೆ ಬೆಲೆ ಕಟ್ಟಿದರು. 2011ರ ಅಕ್ಟೋಬರ್ 12ರಂದು ಕೆಳಮನೆಯಲ್ಲಿ 74–72. ಗೆದ್ದ ಗದ್ದಲದಲ್ಲಿ ಗಿಲಾರ್ಡ್ ಮತ್ತು ರಡ್ ಕೆನ್ನೆಗೆ ಮುತ್ತಿಟ್ಟುಕೊಂಡರು. ಹಿಂದೆ ಇಳಿಸಿದ್ದವರು ಒಬ್ಬರು, ಮುಂದೆ ಇಳಿಸಲಿದ್ದವರು ಇನ್ನೊಬ್ಬರು, ಇಂಥ ಇಬ್ಬರ ಆ ಮುತ್ತಿನ ಚಿತ್ರವನ್ನು ಪತ್ರಿಕೆಯವರು ಬಿಡುತ್ತಾರೆಯೇ? 2012ರ ಜುಲೈನಿಂದ ಟನ್‌ಗೆ 23 ಡಾಲರ್ ಬೆಲೆ ಜಾರಿಗೆ ಬಂತು. 2014ರ ಜುಲೈ 17ರಂದು ಅಬಟ್ ಸರ್ಕಾರ ಅದನ್ನು ಅಳಿಸಿತು, ಸೆನೆಟ್‌ನಲ್ಲಿ 39–32.

2022ರ ಮೇ ಚುನಾವಣೆಯಲ್ಲಿ ಮಾರಿಸನ್ ಸೋತರು. ಸಿರಿವಂತ ಬಡಾವಣೆಗಳ ಹಳೆಯ ಲಿಬರಲ್ ಕ್ಷೇತ್ರಗಳನ್ನು ಹವಾಮಾನದ ಮಾತೆತ್ತಿಯೇ ಗೆದ್ದ ಪಕ್ಷೇತರ ಮಹಿಳೆಯರ ಒಂದು ಸಾಲು ಸದನಕ್ಕೆ ಬಂತು. ಆಗಸ್ಟ್ 4ರಂದು ಲೇಬರ್ ಸರ್ಕಾರದ ಹೊಸ ಹವಾಮಾನ ಮಸೂದೆ ಮತಕ್ಕೆ ಬಿತ್ತು. 2005ರ ಮಟ್ಟಕ್ಕಿಂತ ಶೇ. 43ರಷ್ಟು ಕಡಿತ 2030ಕ್ಕೆ, ನಿವ್ವಳ ಶೂನ್ಯ 2050ಕ್ಕೆ, ಜೊತೆಗೆ ವರ್ಷಕ್ಕೊಮ್ಮೆ ಸಚಿವರು ಸದನದ ಮುಂದೆ ಲೆಕ್ಕ ಒಪ್ಪಿಸಬೇಕು. ಹೊಸ ಗಣಿಗಳಿಗೆ ತಡೆ ಬೇಕೆಂದು ಹಟ ಹಿಡಿದಿದ್ದ ಗ್ರೀನ್ಸ್ ಅದು ಸಿಗದೆಯೂ ಈ ಸಲ ಬಲಕ್ಕೆ ಬಂದರು. ಲಿಬರಲ್ ಸಾಲಿನಿಂದ ಎದ್ದವರು ಒಬ್ಬರೇ, ಟಾಸ್ಮೇನಿಯಾದ ಬ್ಯಾಸ್ ಕ್ಷೇತ್ರದ ಬ್ರಿಜೆಟ್ ಆರ್ಚರ್. ಅವರ ಮತವಿಲ್ಲದೆಯೂ ಮಸೂದೆ ಸಲೀಸಾಗಿ ಗೆಲ್ಲುತ್ತಿತ್ತು, 89–55. ಗೆಲುವಿಗೆ ಬೇಕಿಲ್ಲದ ಮತಕ್ಕಾಗಿ ಪಕ್ಷದವರ ಕಣ್ಣೆದುರು ನಡೆದು ಹೋಗುವುದು ಬಿಗಿ ಲೆಕ್ಕದ ದಿನ ನಡೆಯುವುದಕ್ಕಿಂತ ಕಷ್ಟವೆಂದೇ ನನ್ನ ಎಣಿಕೆ.

ಶೇ. 43ರ ಈ ಲೆಕ್ಕ ಆಸ್ಟ್ರೇಲಿಯಾದ ನೆಲದ ಮೇಲಿನ ಹೊಗೆಗೆ ಮಾತ್ರ. ಹಡಗೇರಿ ಹೋದ ಕಲ್ಲಿದ್ದಲಿನ ಹೊಗೆ ಅದನ್ನು ಉರಿಸಿದ ದೇಶದ ಖಾತೆಗೆ. ಭಾರತದ ಉಕ್ಕಿನ ಕುಲುಮೆಗಳಿಗೆ ಹೊರಗಿನಿಂದ ಬರುವ ಕೋಕಿಂಗ್ ಕಲ್ಲಿದ್ದಲಿನ ದೊಡ್ಡ ಪಾಲು ಆ ದೇಶದ್ದೇ. ಅದು ನಮ್ಮ ತೋರಣಗಲ್ಲಿನಲ್ಲಿ ಉರಿದರೆ ಕ್ಯಾನ್‌ಬೆರಾದ ವಾರ್ಷಿಕ ಲೆಕ್ಕದಲ್ಲಿ ಒಂದು ಗೆರೆಯೂ ಏಳುವುದಿಲ್ಲ. ಗಣಿಗಳ ಮಾತೆತ್ತುತ್ತಿದ್ದ ಗ್ರೀನ್ಸ್‌ನವರ ತಕರಾರಿನ ತಿರುಳೂ ಇಲ್ಲೇ ಇತ್ತು.

2025ರ ಮೇ ಚುನಾವಣೆಯಲ್ಲಿ ಲೇಬರ್ 150ರಲ್ಲಿ 94 ಸ್ಥಾನ ಗೆದ್ದಿತು. ಬ್ಯಾಸ್ ಕ್ಷೇತ್ರವೂ ಅದರ ಪಾಲಾಯಿತು. ಹವಾಮಾನಕ್ಕಾಗಿ ಆಚೆ ಬದಿಗೆ ನಡೆದಿದ್ದ ಆರ್ಚರ್ ಅವರನ್ನು ಸೋಲಿಸಿದ್ದು ಆಚೆ ಬದಿಯ ಪಕ್ಷವೇ. ನವೆಂಬರ್‌ನಲ್ಲಿ ಲಿಬರಲ್ ಪಕ್ಷ ನಿವ್ವಳ ಶೂನ್ಯದ ಗುರಿಯನ್ನು ಕೈಬಿಟ್ಟಿತು. ಆ ನಿರ್ಧಾರವಾದ ಪಕ್ಷದ ಸಭೆಯಲ್ಲಿ ಆರ್ಚರ್ ಇರಲಿಲ್ಲ.