ಜೋಗಿಮಟ್ಟಿಯ ಕಾಡೂ ತಪ್ಪಲಿನ ಕೆರೆಗಳೂ

ಚಿತ್ರದುರ್ಗ ಪಟ್ಟಣಕ್ಕೆ ದಕ್ಷಿಣದಲ್ಲಿ ಜೋಗಿಮಟ್ಟಿಯೆಂಬ ಬೆಟ್ಟವಿರುವುದು. ಇದಕ್ಕೆ ಜೋಗಿಮರಡಿಯೆಂದೂ ಹೆಸರುಂಟು. ಸಮುದ್ರಮಟ್ಟದಿಂದ ಇದರ ಎತ್ತರ ಸುಮಾರು 3,800 ಅಡಿ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಿಗೆ ಸೇರಿದಂತೆ ಇಲ್ಲಿರುವ ಸುಮಾರು 100 ಚದರ ಕಿಲೋಮೀಟರು ಅರಣ್ಯವನ್ನು 2015ನೆಯ ಇಸವಿಯಲ್ಲಿ ಸರ್ಕಾರದವರು ವನ್ಯಜೀವಿಧಾಮವೆಂದು ಘೋಷಿಸಿದರು. ಕಾಡುಮೃಗಗಳಿಗಾಗಿ ಬಿಟ್ಟ ನೆಲದಿಂದ ರೈತನಿಗೆ ಪ್ರಯೋಜನವೇನೆಂದು ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರವು ತಪ್ಪಲಿನ ಕೆರೆ ಬಾವಿಗಳಲ್ಲಿ ದೊರೆಯುತ್ತದೆ.

ಮುಂಗಾರಿನ ಮೋಡಗಳು ಪಶ್ಚಿಮಘಟ್ಟಗಳನ್ನು ದಾಟಿ ಈ ಸೀಮೆಯನ್ನು ಸೇರುವ ವೇಳೆಗೆ ತಮ್ಮ ನೀರಿನ ಬಹುಭಾಗವನ್ನು ಮಲೆನಾಡಿನಲ್ಲಿಯೇ ಸುರಿಸಿರುತ್ತವೆ. ಇಲ್ಲಿಗೆ ಉಳಿಯುವುದು ಬಿರುಗಾಳಿ. ಆ ಗಾಳಿಯ ಬಲದಿಂದಲೇ ಈ ಬೆಟ್ಟಗಳ ಮೇಲೆ ವಿದ್ಯುತ್ತಿನ ಗಾಳಿಯಂತ್ರಗಳು ತಿರುಗುತ್ತಿವೆ. ವರ್ಷದ ಮಳೆಯಲ್ಲಿ ದೊಡ್ಡ ಪಾಲು ಸೆಪ್ಟೆಂಬರು ಅಕ್ಟೋಬರು ತಿಂಗಳುಗಳಲ್ಲಿ, ಕೆಲವೇ ದಿನಗಳಲ್ಲಿ ಬಿದ್ದು ಹೋಗುತ್ತದೆ. ಆದಕಾರಣ ಬಿದ್ದ ಮಳೆ ಎಷ್ಟು ಎಂಬುದಕ್ಕಿಂತ, ನಿಂತ ಮಳೆ ಎಷ್ಟು ಎಂಬುದೇ ಮುಖ್ಯ.

ಬೋಳುಗುಡ್ಡದ ಮೇಲೆ ಬಿದ್ದ ನೀರು ಮಣ್ಣನ್ನು ಕೊಚ್ಚಿಕೊಂಡು ಒಂದೇ ಓಟಕ್ಕೆ ಹಳ್ಳ ಸೇರುತ್ತದೆ. ಕೆರೆಗೆ ನೀರಿಗಿಂತ ಹೂಳು ಹೆಚ್ಚಾಗುತ್ತದೆ. ಕಾಡಿರುವ ಬೆಟ್ಟದಲ್ಲಿ ಎಲೆಗಳು ಹನಿಯ ಪೆಟ್ಟನ್ನು ತಡೆಯುತ್ತವೆ, ತರಗು ನೀರನ್ನು ಹಿಡಿಯುತ್ತದೆ, ಬೇರುಗಳು ಬಿಡಿಸಿದ ದಾರಿಯಲ್ಲಿ ಅದು ಬಂಡೆಯ ಬಿರುಕುಗಳಿಗೆ ಇಳಿದು ತಿಂಗಳುಗಟ್ಟಲೆ ಒಸರುತ್ತದೆ. ಜೋಗಿಮಟ್ಟಿಯ ತಪ್ಪಲಿನ ಆಡುಮಲ್ಲೇಶ್ವರದಲ್ಲಿ ಬಸವನ ಬಾಯಿಂದ ಬೀಳುವ ನೀರು ಇಂಥ ಒಸರಿನದೇ.

ಈ ಕಾಡು ಮಲೆನಾಡಿನ ಕಾಡಿನಂತಲ್ಲ. ದಿಂಡಿಗ, ಕಕ್ಕೆ, ಶ್ರೀಗಂಧ ಮೊದಲಾದ ಮರಗಳೂ ಮುಳ್ಳುಪೊದೆಗಳೂ ಇಲ್ಲಿ ಬೆಳೆಯುತ್ತವೆ. ಬೇಸಗೆಯಲ್ಲಿ ಎಲೆಯುದುರಿ ನಿಂತಾಗ ಇದನ್ನು ಸತ್ತ ಕುರುಚಲೆಂದು ತಿಳಿಯುವುದು ತಪ್ಪು; ಎಲೆಯುದುರಿಸುವುದು ನೀರುಳಿಸುವ ಉಪಾಯ. ಇಲ್ಲಿ ಚಿರತೆ, ಕರಡಿ, ಕೊಂಡುಕುರಿ, ನವಿಲುಗಳು ವಾಸವಾಗಿವೆ. ಕರಡಿಯು ಕಕ್ಕೆ, ಬೋರೆ ಮುಂತಾದ ಹಣ್ಣುಗಳನ್ನು ತಿಂದು ಬೀಜ ಹರಡುತ್ತದೆ. ಬೆಳೆ ಹಾಳುಮಾಡುವ ಹಂದಿಯ ಮರಿಗಳನ್ನು ಚಿರತೆಯು ಹಿಡಿಯುತ್ತದೆ.

ನೀರಿನ ಬೆಲೆಯನ್ನು ಮಾರಿಕಣಿವೆಯಿಂದ ಅರಿಯಬಹುದು. ಅಲ್ಲಿ ಬೆಟ್ಟಸಾಲನ್ನು ಸೀಳಿ ಹರಿಯುವ ವೇದಾವತಿಗೆ 1898ರಲ್ಲಿ ಆರಂಭಿಸಿ 1907ರಲ್ಲಿ ಮುಗಿಸಿದ ಕಟ್ಟೆಯೇ ವಾಣೀವಿಲಾಸ ಸಾಗರ. ಇದು 1933ರಲ್ಲಿ ಕೋಡಿ ಬಿದ್ದು, ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ತರುವಾಯ, 2022ರಲ್ಲಿ. ದೊಡ್ಡ ಸಾಗರದ ಗತಿಯೇ ಹೀಗಿರುವಾಗ, ಹಳ್ಳಿಯ ಕೆರೆಗೆ ಹೂಳು ತುಂಬಿ ಒಂದಡಿ ನೀರು ತಪ್ಪಿದರೂ ಅದು ಸಣ್ಣ ನಷ್ಟವಲ್ಲ.

ಗ್ರಾಮದ ಮುಖಂಡರೂ ಜಮೀನುದಾರರೂ ಗಮನಿಸತಕ್ಕ ಅಂಶಗಳು:

1. ಹೊಸ ಹುಲ್ಲು ಚಿಗುರಲೆಂದು ಬೇಸಗೆಯಲ್ಲಿ ಬೆಟ್ಟಕ್ಕೆ ಬೆಂಕಿಯಿಡಬಾರದು. ಕೆಲವು ವಾರಗಳ ಮೇವಿನಾಸೆಗೆ ಸಸಿಯೂ ತರಗೂ ಸುಟ್ಟು, ಮೊದಲ ಮಳೆಗೆ ಬೂದಿಯೂ ಮಣ್ಣೂ ಕೆರೆಗೆ ಇಳಿಯುತ್ತವೆ. ವನ್ಯಜೀವಿಧಾಮದಲ್ಲಿ ಬೆಂಕಿಯಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಅಪರಾಧವೂ ಹೌದು.

2. ಸೌದೆ, ಮೇವುಗಳಿಗೆ ಬೆಟ್ಟವನ್ನೇ ನಂಬದೆ, ಹೊಲದ ಬದುಗಳಲ್ಲಿ ಹೊಂಗೆ, ಬೇವುಗಳನ್ನೂ ಹುಲ್ಲನ್ನೂ ಬೆಳೆಸಬೇಕು.

3. ತಪ್ಪಲಿನ ಹೊಲಗಳನ್ನು ಇಳಿಜಾರಿಗೆ ಅಡ್ಡಲಾಗಿ ಉತ್ತು ಬದು ಹಾಕಬೇಕು. ಮಳೆಗೆ ಮುಂಚೆ ಕೆರೆಯ ಕಾಲುವೆಗಳನ್ನು ಶುದ್ಧಿಮಾಡಿಸಬೇಕು.

ಬೆಟ್ಟದಲ್ಲಿ ಹೊಗೆ ಕಂಡೊಡನೆ ಅರಣ್ಯ ಇಲಾಖೆಯವರಿಗೆ ಸುದ್ದಿ ಮುಟ್ಟಿಸಿ, ಊರ ಜನರನ್ನು ಕೂಡಿಸಿಕೊಂಡು ನೆರವಾಗುವುದು ಗ್ರಾಮದ ಹಿರಿಯರ ಕೈಯಲ್ಲಿದೆ. ಅವರು ಮುಂದೆ ನಿಂತಲ್ಲಿ ಉಳಿದವರು ಹಿಂದೆ ಬೀಳಲಾರರು.