ಅಪ್ರದಕ್ಷಿಣೆಗೊಂದು ಸ್ಕಾಟಿಷ್ ಹೆಸರು

‘ವಿಡರ್‌ಶಿನ್ಸ್’ ಎಂದರೆ ಅಪ್ರದಕ್ಷಿಣವಾಗಿ, ಸೂರ್ಯನ ನಡೆಗೆ ಎದುರಾಗಿ. ಆದರೆ ಗ್ಯಾವಿನ್ ಡಗ್ಲಸ್ 1513ರಲ್ಲಿ ವರ್ಜಿಲನ ಮಹಾಕಾವ್ಯವನ್ನು ಸ್ಕಾಟ್ಸ್ ನುಡಿಗೆ ತಂದಾಗ ಈ ಪದವನ್ನು ಬಳಸಿದ್ದು ಸುತ್ತುವುದಕ್ಕಲ್ಲ, ಕೂದಲಿಗೆ! ಭಯಕ್ಕೆ ತಲೆಗೂದಲು ನಿಮಿರಿ ನಿಂತಿತು ಎನ್ನಲು.

ಪದ ಬಂದದ್ದು ಮಧ್ಯಯುಗದ ಜರ್ಮನ್ನಿನಿಂದ. ‘ವಿಡರ್’ ಅಂದರೆ ಎದುರು, ‘ಸಿನ್’ ಅಂದರೆ ದಾರಿ, ದಿಕ್ಕು. ಸೂರ್ಯನ ಸುಳಿವೇ ಇಲ್ಲ. ಬಾಲದಲ್ಲಿ ‘ಸನ್’ ಕೇಳಿಸಿಕೊಂಡವರು ಸ್ಕಾಟ್ಲೆಂಡಿನ ಜನ. ತಪ್ಪು ವ್ಯುತ್ಪತ್ತಿಯೇ, ಆದರೆ ಪದಕ್ಕೆ ಜೀವ ತುಂಬಿದ್ದು ಅದೇ ಎನ್ನಬೇಕು.

ಯಾಕೆಂದರೆ ಅಲ್ಲಿ ಸೂರ್ಯನ ಜೊತೆ ಸುತ್ತುವುದು ಶುಭ. ಮಾರ್ಟಿನ್ ಮಾರ್ಟಿನ್ ಎಂಬಾತ 1703ರಲ್ಲಿ ಪ್ರಕಟಿಸಿದ ಪಶ್ಚಿಮ ದ್ವೀಪಗಳ ವಿವರಣೆಯಲ್ಲಿ ಬಾಣಂತಿಯ, ಹಸುಗೂಸಿನ ಸುತ್ತ ಬೆಂಕಿ ಹಿಡಿದು ಬಲಸುತ್ತು ಬರುತ್ತಿದ್ದ ರೂಢಿಯನ್ನು ಬರೆದಿದ್ದಾನೆ. ಅಲ್ಲಿನ ಗೇಲಿಕ್ ನುಡಿಯಲ್ಲಿ ಅದಕ್ಕೆ ‘ಜೆಶಲ್’ ಎನ್ನುತ್ತಾರೆ. ಅದರೊಳಗಿನ ‘ಜೆಸ್’ಗೆ ಬಲಗಡೆ, ತೆಂಕು ಎಂಬ ಎರಡೂ ಅರ್ಥ, ನಮ್ಮ ‘ದಕ್ಷಿಣ’ಕ್ಕೂ ಹಾಗೆಯೇ. ಕಾಕತಾಳೀಯವಲ್ಲ, ಎರಡೂ ಒಂದೇ ಬೇರಿನ ಪದಗಳು. ಮೂಡಣಕ್ಕೆ ಮುಖ ಮಾಡಿ ನಿಂತವನ ಬಲಗೈ ತೆಂಕಲಿಗಿರುತ್ತದೆ. ನಮ್ಮ ಗುಡಿಯ ಪ್ರದಕ್ಷಿಣೆಯಲ್ಲಿರುವುದೂ ಅದೇ ಪದ.

ಮುಂದೆ ಎರಡು ನಾಡುಗಳ ದಾರಿ ಬೇರೆ. ನಮ್ಮಲ್ಲಿ ಎದುರು ಸುತ್ತಿಗೂ ಶಾಸ್ತ್ರದಲ್ಲಿ ಜಾಗವಿದೆ: ಜನಿವಾರ ಬಲ ಹೆಗಲಿಗೆ ಬರುವ ಪಿತೃಕಾರ್ಯದಲ್ಲಿ ಅಪ್ರದಕ್ಷಿಣವೇ ವಿಧಿ. ಅಶುಭವೆಂದರೂ ಅಪರಾಧವಲ್ಲ. ಸ್ಕಾಟ್ಲೆಂಡಿನಲ್ಲಿ ಅದು ಮಾಟಗಾತಿಯರ ಗುರುತಾಯಿತು. 1590–91ರ ನಾರ್ತ್ ಬರಿಕ್ ಮಾಟಗಾತಿ ಪ್ರಕರಣದಲ್ಲಿ, ನಾಟಿ ಮದ್ದು ಕೊಡುತ್ತಿದ್ದ ಆಗ್ನೆಸ್ ಸ್ಯಾಂಪ್ಸನ್ ಎಂಬ ಹೆಂಗಸನ್ನು ರಾಜ ಆರನೆಯ ಜೇಮ್ಸ್ ಖುದ್ದು ವಿಚಾರಿಸಿದ. ಚಿತ್ರಹಿಂಸೆಯಲ್ಲಿ ಕಿತ್ತುಕೊಂಡ ತಪ್ಪೊಪ್ಪಿಗೆಗಳಲ್ಲಿ ಚರ್ಚಿನ ಅಂಗಳದಲ್ಲಿ ವಿಡರ್‌ಶಿನ್ಸ್ ಸುತ್ತಿದ ಮಾತೂ ಸೇರಿತು. 1591ರಲ್ಲಿ ಎಡಿನ್‌ಬರೋದಲ್ಲಿ ಆಕೆಯ ಕತ್ತು ಬಿಗಿದು ಕೊಂದು ಸುಟ್ಟರು. ಜೋಸೆಫ್ ಜೇಕಬ್ಸ್ 1890ರ ಸಂಕಲನದಲ್ಲಿ ಕೊಟ್ಟ ‘ಚೈಲ್ಡ್ ರೋಲಂಡ್’ ಕಥೆಯಲ್ಲಿ ಶಿಕ್ಷೆ ಇನ್ನೂ ವಿಚಿತ್ರ: ಚೆಂಡು ತರಲು ಹೋಗಿ ಚರ್ಚನ್ನು ಎಡಸುತ್ತು ಹಾಕಿದ ಹುಡುಗಿ ಯಕ್ಷರಾಜನ ಸೆರೆಯಾಗುತ್ತಾಳೆ. ಪಾಪ, ಆಕೆ ಹಿಡಿದದ್ದು ಹತ್ತಿರದ ದಾರಿ ಇರಬೇಕು!

ಗಡಿಯಾರದ ಮುಳ್ಳು ಬಲಕ್ಕೆ ತಿರುಗುವುದೂ ಉತ್ತರಾರ್ಧಗೋಳದ ನೆರಳುಗಡಿಯಾರದ ಬಳುವಳಿ. ಆದರೆ ಆ ಲೆಕ್ಕ ಬಡಗಣ ಅರ್ಧಗೋಳಕ್ಕೆ ಮಾತ್ರ. ಸ್ಕಾಟ್ಲೆಂಡಿನ ಫ್ರೀ ಚರ್ಚಿನವರು 1848ರಲ್ಲಿ ನ್ಯೂಜಿಲೆಂಡಿಗೆ ಹೋಗಿ, ಎಡಿನ್‌ಬರೋದ ಗೇಲಿಕ್ ಹೆಸರನ್ನೇ ಇಟ್ಟು ಡನೀಡನ್ ಊರು ಕಟ್ಟಿದರು. ಅಲ್ಲಿ ಸೂರ್ಯ ಬಡಗಣ ಬಾನಿನಲ್ಲಿ ಬಲದಿಂದ ಎಡಕ್ಕೆ ಸಾಗುತ್ತಾನೆ, ಶುದ್ಧ ವಿಡರ್‌ಶಿನ್ಸ್.