ಅಂಗಳದ ದಾಸವಾಳ, ಹೊಲದ ಹಿಪ್ಪುನೇರಳೆ



ದಾಸವಾಳವಿಲ್ಲದ ಅಂಗಳ ನಮ್ಮ ಹಳ್ಳಿಗಳಲ್ಲಿ ಅಪರೂಪ. ಬೆಳಗಾದರೆ ಪೂಜೆಗೆ ಹೂವು ಬೇಕು, ತಲೆಗೆ ಹಚ್ಚಿಕೊಳ್ಳಲು ಸೊಪ್ಪು ಬೇಕು. ಇಷ್ಟೆಲ್ಲ ಕೊಡುವ ಗಿಡಕ್ಕೆ ನಾವು ಮಾಡುವ ಆರೈಕೆಯೇನು? ಬಚ್ಚಲ ನೀರು ಹರಿಯುವ ಕಡೆ ಒಂದು ಕಡ್ಡಿ ಚುಚ್ಚಿ ಮರೆತುಬಿಡುತ್ತೇವೆ. ರೇಷ್ಮೆ ಬೆಳೆಯುವ ಮನೆಯವರಂತೂ ಹೀಗೆ ಮರೆಯಲೇಬಾರದು. ಯಾಕೆ ಅಂತೀರಾ? ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಗಿಡ ಬೆಳೆಸುವ ಕ್ರಮ ನೋಡೋಣ.

ಕಡ್ಡಿ ನೆಡಲು ಮುಂಗಾರು ಮಳೆ ಹಿಡಿದ ಕಾಲ ಒಳ್ಳೆಯದು. ತೀರ ಎಳೆಯದೂ ಅಲ್ಲದ, ತೀರ ಬಲಿತದ್ದೂ ಅಲ್ಲದ, ಪೆನ್ಸಿಲ್ ದಪ್ಪದ ಕಡ್ಡಿಯನ್ನು 6 ಅಂಗುಲ ಉದ್ದಕ್ಕೆ ಕತ್ತರಿಸಿ. ತುದಿಯ ಎರಡು ಎಲೆ ಬಿಟ್ಟು ಉಳಿದವನ್ನು ತೆಗೆಯಿರಿ. ಎರಡು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ನೆಟ್ಟು ನೆರಳಿನಲ್ಲಿಡಿ. 4ರಿಂದ 6 ವಾರದಲ್ಲಿ ಬೇರು ಬಿಡುತ್ತದೆ. ಅಷ್ಟರಲ್ಲಿ ಅವಸರಪಟ್ಟು ಕಿತ್ತು ನೋಡಬೇಡಿ!

ಬೇರು ಬಿಟ್ಟ ಸಸಿಗೆ ದಿನಕ್ಕೆ 6 ಗಂಟೆಯಾದರೂ ಬಿಸಿಲು ಬೀಳುವ ಜಾಗ ಬೇಕು. ನೆರಳಲ್ಲಿ ಸೊಪ್ಪು ಬರುತ್ತದೆ, ಹೂವು ಬರುವುದಿಲ್ಲ. ಕುಂಡದಲ್ಲಿ ಬೆಳೆಸುವವರು 12 ಅಂಗುಲ ಅಗಲದ, ತಳದಲ್ಲಿ ತೂತಿರುವ ಕುಂಡ ತೆಗೆದುಕೊಳ್ಳಿ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು ಬೆರೆಸಿ ತುಂಬಿರಿ.

‘ಮೊಗ್ಗು ಕಟ್ಟುತ್ತೆ, ಅರಳೋಕ್ ಮುಂಚೇನೇ ಉದುರಿಹೋಗುತ್ತೆ’ ಎಂದು ಹಲವರು ದೂರುತ್ತಾರೆ. ಇದಕ್ಕೆ ಹೆಚ್ಚಾಗಿ ನೀರೇ ಕಾರಣ. ಬುಡ ಕಾದು ಒಣಗಿದರೂ ಮೊಗ್ಗು ಉದುರುತ್ತದೆ, ನೀರು ನಿಂತು ಬೇರು ಉಸಿರುಗಟ್ಟಿದರೂ ಉದುರುತ್ತದೆ. ಬೆರಳನ್ನು ಒಂದು ಅಂಗುಲ ಮಣ್ಣಿಗಿಳಿಸಿ ನೋಡಿ. ಒಣಗಿದ್ದರೆ ನೀರು ಹಾಕಿ, ತೇವವಿದ್ದರೆ ಬೇಡ. ಯೂರಿಯ ಸುರಿಯಬೇಡಿ, ಸೊಪ್ಪು ಕೊಬ್ಬುತ್ತದೆ, ಹೂವು ಕುಗ್ಗುತ್ತದೆ. ಇನ್ನೊಂದು ಮಾತು: ದಾಸವಾಳ ಹೂ ಬಿಡುವುದು ಹೊಸ ಚಿಗುರಿನಲ್ಲಿ. ಆದ್ದರಿಂದ ಮಳೆಗಾಲದ ಮೊದಲಿಗೆ ಕೊಂಬೆಗಳ ಮೂರನೆಯ ಒಂದು ಭಾಗವನ್ನು ಸವರಿಬಿಡಿ. ಸವರಿದ ಕಡ್ಡಿ ನೆಡುವುದಕ್ಕೂ ಆಯಿತು.

ಈಗ ಆಗಲೇ ಹೇಳಿದ ಮಾತಿಗೆ ಬರೋಣ. ಬೇಸಿಗೆಯಲ್ಲಿ ದಾಸವಾಳದ ಕುಡಿ ಮುದುರಿ, ಗಂಟುಕಟ್ಟಿ, ಹತ್ತಿ ಮೆತ್ತಿದಂತೆ ಬೆಳ್ಳಗಾಗುವುದನ್ನು ನೀವು ಕಂಡಿರಬಹುದು. ಅದು ಹಿಟ್ಟು ತಿಗಣೆ. ಬಿಳಿ ಪುಡಿಯನ್ನು ಒರೆಸಿದರೆ ಒಳಗೆ ನಸುಗೆಂಪು ಮೈ. ಒಂದೊಂದು ಹೆಣ್ಣೂ ನೂರಾರು ಮೊಟ್ಟೆ ಇಡುತ್ತದೆ. ಹಿಪ್ಪುನೇರಳೆಗೆ ತುಕ್ರಾ ರೋಗ ತರುವುದೂ ಇದೇ ತಿಗಣೆ! ಮರಿಗಳು ಗಾಳಿಯಲ್ಲಿ ತೇಲಿ, ಇರುವೆಯ ಜೊತೆ, ನಮ್ಮ ಬಟ್ಟೆಗೆ ಅಂಟಿ ತೋಟ ಸೇರುತ್ತವೆ. ಆಗ ಹಿಪ್ಪುನೇರಳೆಯ ಎಲೆ ಸುಕ್ಕುಗಟ್ಟಿ, ಕುಡಿ ದಪ್ಪವಾಗಿ, ಗೆಣ್ಣು ಗಿಡ್ಡವಾಗಿ ಬೆಳವಣಿಗೆ ನಿಲ್ಲುತ್ತದೆ. ಸೊಪ್ಪು ಕೆಟ್ಟರೆ ಹುಳು ಸೊರಗುತ್ತದೆ, ಗೂಡು ಹಗುರವಾಗುತ್ತದೆ. ತೋಟಕ್ಕೆ ಎಷ್ಟು ದುಡಿದರೇನು, ಅಂಗಳದಲ್ಲೇ ತಿಗಣೆಯ ತವರುಮನೆ ಇಟ್ಟುಕೊಂಡರೆ?

ಹಾಗೆಂದು ಕಂಡ ಕಂಡ ಔಷಧಿ ಹೊಡೆಯಬೇಡಿ. ರೇಷ್ಮೆಹುಳು ಬಹಳ ಸೂಕ್ಷ್ಮ ಜೀವಿ. ಅಂಗಳದಲ್ಲಿ ಹೊಡೆದ ವಿಷ ಗಾಳಿಯಲ್ಲಿ ಹುಳುಮನೆಗೋ ಸೊಪ್ಪಿನ ಮೇಲೋ ಬಿದ್ದರೆ ಇಡೀ ಬೆಳೆಯೇ ಕೈಬಿಡಬಹುದು.

ಮಾಡಬೇಕಾದದ್ದು ಇಷ್ಟು. ಮುದುರಿದ ಕುಡಿಗಳನ್ನು ಕತ್ತರಿಸಿ, ಅಲ್ಲೇ ಬಕೀಟಿನ ಸೋಪು ನೀರಿಗೆ ಹಾಕಿ ಮುಳುಗಿಸಿ, ಆಮೇಲೆ ಸುಟ್ಟುಬಿಡಿ. ತಿಪ್ಪೆಗೆ ಎಸೆಯಬೇಡಿ, ಅಲ್ಲಿಂದ ತಿಗಣೆ ಮತ್ತೆ ಹೊರಡುತ್ತದೆ. ಉಳಿದ ಗಿಡಕ್ಕೆ ಜೋರಾಗಿ ನೀರು ಹೊಡೆದು ತೊಳೆಯಿರಿ. ಲೀಟರು ನೀರಿಗೆ 5 ಗ್ರಾಂ ಸೋಪು ಕರಗಿಸಿ, ಸಂಜೆಯ ತಂಪಿನಲ್ಲಿ ಎಲೆಯ ಅಡಿಭಾಗ ನೆನೆಯುವಂತೆ ಸಿಂಪಡಿಸಿ. ವಾರ ಬಿಟ್ಟು ಇನ್ನೊಮ್ಮೆ ಮಾಡಿ. ಇರುವೆ ಹತ್ತದಂತೆಯೂ ನೋಡಿಕೊಳ್ಳಿ. ತಿಗಣೆ ಸುರಿಸುವ ಸಿಹಿಯ ಆಸೆಗೆ ಇರುವೆ ಅದರ ಕಾವಲಿಗೆ ನಿಲ್ಲುತ್ತದೆ.

ಸೋಪು ನೀರು ಹೊಡೆಯುವ ಮೊದಲು ಗಿಡವನ್ನು ಒಮ್ಮೆ ಸರಿಯಾಗಿ ನೋಡಿ. ತಿಗಣೆಗಳ ನಡುವೆ ಅವುಗಳಂತೆಯೇ ಬಿಳಿ ಮೇಣದ ಎಳೆ ಹೊತ್ತ, ಆದರೆ ತಿಗಣೆಗಿಂತ ಬಹಳ ದೊಡ್ಡದಾದ, ಚುರುಕಾಗಿ ಓಡಾಡುವ ಮರಿಹುಳು ಕಂಡರೆ ಅದನ್ನು ಕೊಲ್ಲಬೇಡಿ. ಅದು ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಹುಳುವಿನ ಮರಿ. 1898ರಲ್ಲಿ ಆಸ್ಟ್ರೇಲಿಯಾದಿಂದ ನಮ್ಮ ದೇಶಕ್ಕೆ ತಂದ ಜಾತಿ ಇದು. ಮರಿಯೂ ತಿಗಣೆ ತಿನ್ನುತ್ತದೆ, ದೊಡ್ಡ ಹುಳುವೂ ತಿನ್ನುತ್ತದೆ. ಶತ್ರುವಿನ ವೇಷದಲ್ಲಿರುವ ಈ ಮಿತ್ರ ಹೆಚ್ಚಾಗಿದ್ದರೆ ಸಿಂಪಡಿಸುವುದನ್ನು ನಿಲ್ಲಿಸಿ, ಕೆಲಸವನ್ನು ಅದಕ್ಕೇ ಬಿಟ್ಟುಬಿಡಿ.

ತಾಯಂದಿರೇ, ನಾಳೆ ಬೆಳಿಗ್ಗೆ ಹೂ ಬಿಡಿಸುವಾಗ ನಾಲ್ಕು ಕುಡಿಗಳನ್ನು ತಿರುಗಿಸಿ ನೋಡಿ. ಬೆಳ್ಳಗಿದ್ದರೆ ಅಲ್ಲೇ ಚಿವುಟಿ ಸೋಪು ನೀರಿಗೆ ಹಾಕಿ. ದೇವರಿಗೆ ಹೂವೂ ಆಯಿತು, ತೋಟಕ್ಕೆ ಕಾವಲೂ ಆಯಿತು.